ಇಸಬು, ಶೀತ, ಉಬ್ಬಸ: ಒಂದೇ ಮಗುವಿನಲ್ಲಿ ಮೂರೂ ಏಕೆ?



ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಯಾವ ಗ್ರಾಮಕ್ಕೆ ಹೋದರೂ ಒಂದಲ್ಲ ಒಂದು ಮನೆಯಲ್ಲಿ ಈ ಮಾತು ಕೇಳಿಬರುತ್ತದೆ: “ನಮ್ಮ ಮಾಣಿಗೆ ಹಾಲು ಕುಡಿಯುವಾಗಿನಿಂದ ಮೈ ತುರಿಕೆ. ಅದು ಕಡಿಮೆಯಾಯಿತು ಎನ್ನುವಾಗ ಸೀನು ಹಿಡಿಯಿತು. ಈಗ ಮಳೆ ಹಿಡಿದರೆ ಸಾಕು, ರಾತ್ರಿಯಿಡೀ ದಮ್ಮು.” ತುರಿಕೆಗೆ ಒಂದು ಎಣ್ಣೆ, ಸೀನಿಗೆ ಒಂದು ಕಷಾಯ, ದಮ್ಮಿಗೆ ಆಸ್ಪತ್ರೆ ಎಂದು ತಂದೆತಾಯಿಗಳು ಮೂರು ಕಡೆ ಅಲೆಯುತ್ತಾರೆ. ಮಗುವಿಗೆ ಮೂರು ರೋಗ ಅಂಟಿತಲ್ಲಾ, ಯಾರ ದೃಷ್ಟಿ ತಾಗಿತೋ ಎಂದು ಚಿಂತಿಸುತ್ತಾರೆ.

ಈ ಮೂರು ತೊಂದರೆಗಳು ಒಂದೇ ಬೇರಿನಿಂದ ಒಡೆದ ಟಿಸಿಲುಗಳು. ಒಂದನ್ನು ಕಂಡಾಗ ಉಳಿದೆರಡರ ಮೇಲೆ ಕಣ್ಣಿಟ್ಟರೆ ಮಗುವಿನ ಶಾಲೆಯ ದಿನಗಳು ಉಳಿಯುತ್ತವೆ. ಕೆಲವೊಮ್ಮೆ ಪ್ರಾಣವೇ ಉಳಿಯುತ್ತದೆ. ನಾನು ಕೃಷಿ ಡಿಪ್ಲೊಮಾ ಓದಿದವನೇ ಹೊರತು ವೈದ್ಯನಲ್ಲ. ಔಷಧ ಹೇಳುವುದು ನನ್ನ ಕೆಲಸವಲ್ಲ. ಆದರೆ ತಳಿ, ಹವೆ, ರೋಗ ಈ ಮೂರರ ಸಂಬಂಧ ರೈತನಿಗೆ ಗೊತ್ತಿರುವಷ್ಟು ಚೆನ್ನಾಗಿ ಪೇಟೆಯವರಿಗೆ ಗೊತ್ತಿರುವುದಿಲ್ಲ. ಆದುದರಿಂದ ಈ ವಿಷಯ ನಿಮಗೆ ಬೇಗ ಮನದಟ್ಟಾಗುವುದೆಂದು ನಂಬಿದ್ದೇನೆ.

ಅಲರ್ಜಿ ಎಂಬ ಹೆಸರನ್ನು 1906ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯರಾದ ಫಾನ್ ಪಿರ್ಕೆ ಎಂಬುವರು ಬಳಕೆಗೆ ತಂದರು. ಕನ್ನಡದಲ್ಲಿ ಒಗ್ಗದಿಕೆ ಎನ್ನಬಹುದು. ನಮ್ಮ ದೇಹದಲ್ಲಿ ರೋಗಾಣುಗಳನ್ನು ಎದುರಿಸುವ ಕಾವಲು ವ್ಯವಸ್ಥೆಯೊಂದಿದೆ. ಮನೆಯ ನಾಯಿ ಕಳ್ಳನನ್ನು ಕಂಡು ಬೊಗಳಬೇಕು, ಸರಿ. ಅದೇ ನಾಯಿ ದಿನವೂ ಬರುವ ಅಂಚೆಯವನ ಮೇಲೆ, ನೆಂಟರ ಮೇಲೆ ಹಾರಿ ಬೀಳತೊಡಗಿದರೆ ತೊಂದರೆ ಮನೆಯವರಿಗೇ. ಧೂಳು, ಬೂಷ್ಟು, ಹೂವಿನ ಪರಾಗ, ಬೆಕ್ಕಿನ ರೋಮ ಮುಂತಾದ ನಿರುಪದ್ರವಿ ವಸ್ತುಗಳ ಮೇಲೆ ದೇಹದ ಕಾವಲು ಹೀಗೆ ಹಾರಿಬೀಳುವುದೇ ಅಲರ್ಜಿ. ಇದರಲ್ಲಿ ಐಜಿಇ ಎಂಬ ರಕ್ತದ ವಸ್ತುವಿನ ಪಾತ್ರ ದೊಡ್ಡದು. ಅದನ್ನು 1966-67ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕ ದಂಪತಿಗಳೂ ಸ್ವೀಡನ್ ದೇಶದ ವಿಜ್ಞಾನಿಗಳೂ ಬೇರೆ ಬೇರೆಯಾಗಿ ಕಂಡುಹಿಡಿದರು. ಈ ಜಗಳ ಚರ್ಮದಲ್ಲಿ ನಡೆದರೆ ಇಸಬು. ಮೂಗಿನಲ್ಲಿ ನಡೆದರೆ ಬೆಳಗಾಗೆದ್ದು ಹತ್ತಿಪ್ಪತ್ತು ಸೀನು, ನೀರು ಸುರಿಯುವ ಮೂಗು. ಶ್ವಾಸನಾಳದಲ್ಲಿ ನಡೆದರೆ ಉಬ್ಬಸ.

ಮೂರೂ ಒಂದೇ ಮಗುವಿನಲ್ಲಿ ಕೂಡಿಬರುವುದು ಕಾಕತಾಳೀಯವೇ? ಅಲ್ಲ. ಯುರೋಪಿನಲ್ಲಿ ಹುಟ್ಟಿನಿಂದಲೇ ಮಕ್ಕಳನ್ನು ಗಮನಿಸುತ್ತ ಬಂದ 12 ತಂಡಗಳ ಲೆಕ್ಕವನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದರು. ಮೂರು ತೊಂದರೆಗಳು ಒಂದೇ ಮಗುವಿನಲ್ಲಿ ಸೇರಿರುವುದು ಬರಿಯ ಆಕಸ್ಮಿಕದಿಂದ ಆಗಬಹುದಾದುದಕ್ಕಿಂತ ಬಹಳ ಹೆಚ್ಚೆಂದು ತಿಳಿದುಬಂತು. ಇನ್ನೊಂದು ಸಂಗತಿ ಅನೇಕ ವೈದ್ಯರಿಗೂ ಹೊಸದಾಗಿತ್ತು. ಈ ಕೂಟಕ್ಕೆ ಐಜಿಇ ಕಾರಣವಾಗಿದ್ದುದು ನೂರಕ್ಕೆ 38ರಷ್ಟು ಮಾತ್ರ. ಅಂದರೆ ರಕ್ತ ಪರೀಕ್ಷೆಯಲ್ಲಿ ಅಲರ್ಜಿ ಕಾಣದ ಮಗುವಿನಲ್ಲಿಯೂ ಇವು ಕೂಡಿಬರಬಹುದು. “ಪರೀಕ್ಷೆಯಲ್ಲಿ ಏನೂ ಇಲ್ಲವಂತೆ” ಎಂದು ಕೈಬಿಡುವಂತಿಲ್ಲ. ಉಬ್ಬಸವಿರುವವರಲ್ಲಿ ಬಹುಪಾಲು ಮಂದಿಗೆ ಮೂಗಿನ ತೊಂದರೆಯೂ ಇರುತ್ತದೆ. ಇಸಬಿದ್ದ ಎಳೆಯ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಮುಂದೆ ಉಬ್ಬಸ ಬರಬಹುದು. ಉಳಿದ ಎರಡಕ್ಕೆ ಬರುವುದಿಲ್ಲ ಎಂಬುದನ್ನೂ ನೆನಪಿಡಿ.

ಇನ್ನು ವಂಶದ ಮಾತು. ತಂದೆತಾಯಿ ಇಬ್ಬರಿಗೂ ಅಲರ್ಜಿ ಇಲ್ಲದಿದ್ದರೂ ನೂರರಲ್ಲಿ 10ರಿಂದ 15 ಮಕ್ಕಳಿಗೆ ಬರಬಹುದು. ಒಬ್ಬರಿಗಿದ್ದರೆ ಸುಮಾರು ಮೂರರಲ್ಲಿ ಒಂದು ಮಗುವಿಗೆ, ಇಬ್ಬರಿಗೂ ಇದ್ದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬರಬಹುದು. ತಂದೆಗೆ ಉಬ್ಬಸವಿದ್ದು ಮಗುವಿಗೆ ಇಸಬು ಬರಬಹುದು. ತಾಯಿಗೆ ಬರಿಯ ಸೀನಿದ್ದು ಮಗುವಿಗೆ ಉಬ್ಬಸ ಬರಬಹುದು. ರೂಪ ಬೇರೆ, ಬೇರು ಒಂದೇ.

ಇಲ್ಲಿ ಒಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮಗುವಿಗೆ ದಮ್ಮು ಬಂದ ಕೂಡಲೇ “ಇದು ಸೊಸೆಯ ತವರಿನ ಕಾಯಿಲೆ” ಎಂದು ಹೇಳುವ ಮನೆಗಳಿವೆ. ಮಾತು ಕೇಳಬೇಕಾಗುತ್ತದೆಂದು ಆ ತಾಯಿ ಕಾಯಿಲೆಯನ್ನೇ ಮುಚ್ಚಿಡುತ್ತಾಳೆ, ಚಿಕಿತ್ಸೆ ತಡವಾಗುತ್ತದೆ. ಮಗು ತನ್ನ ಗುಣಗಳಲ್ಲಿ ಅರ್ಧವನ್ನು ತಂದೆಯಿಂದಲೂ ಅರ್ಧವನ್ನು ತಾಯಿಯಿಂದಲೂ ಪಡೆಯುತ್ತದೆ. ಅಲರ್ಜಿಗೆ ದಾರಿ ಮಾಡುವ ವಂಶವಾಹಿಗಳು ಒಂದೆರಡಲ್ಲ. 2017ರಲ್ಲಿ 3,60,838 ಮಂದಿಯ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಇಸಬು, ಸೀನು, ಉಬ್ಬಸಗಳಿಗೆ ಸಂಬಂಧಿಸಿದ 136 ವ್ಯತ್ಯಾಸಗಳು ದೊರೆತವು. ಆ 136ರಲ್ಲಿ ಒಂದು ರೋಗಕ್ಕೆ ಮಾತ್ರ ವಿಶೇಷವಾಗಿ ಸೇರಿದವು ಕೇವಲ 6. ಉಳಿದವೆಲ್ಲ ಮೂರಕ್ಕೂ ಸಾಮಾನ್ಯ. ಮೂರು ಒಂದೇ ಬೇರಿನವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇಷ್ಟು ಹರಡಿಕೊಂಡಿರುವ ಗುಣ ಎರಡೂ ಮನೆತನಗಳಲ್ಲಿ ಅಷ್ಟಿಷ್ಟು ಇದ್ದೇ ಇರುತ್ತದೆ. ವೈದ್ಯರು ಕೇಳಿದಾಗ ಎರಡು ಕಡೆಯ ವಿವರವನ್ನೂ ಸಂಕೋಚವಿಲ್ಲದೆ ಹೇಳಿರಿ.

ಈ ವಂಶವಾಹಿಗಳಲ್ಲಿ ಒಂದರ ಕಥೆ ತಿಳಿಯತಕ್ಕದ್ದು. ಚರ್ಮದ ಮೇಲ್ಪದರವನ್ನು ಬಿಗಿಯಾಗಿ ಕಟ್ಟುವ ಫಿಲಾಗ್ರಿನ್ ಎಂಬ ಪ್ರೋಟೀನು ಇದೆ. ಅದರ ವಂಶವಾಹಿಯಲ್ಲಿ ದೋಷವಿದ್ದವರಿಗೆ ಇಸಬು ಹೆಚ್ಚೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ಸಂಶೋಧಕರೂ ಐರ್ಲೆಂಡಿನ ಸಂಶೋಧಕರೂ ತೋರಿಸಿಕೊಟ್ಟರು. ವಿಚಿತ್ರವೆಂದರೆ, ಅಂಥವರಿಗೆ ಉಬ್ಬಸದ ಸಂಭವವೂ ಹೆಚ್ಚು, ಆದರೆ ಇಸಬು ಇದ್ದವರಿಗೆ ಮಾತ್ರ. ಶ್ವಾಸನಾಳದೊಳಗೆ ಈ ಪ್ರೋಟೀನಿಗೆ ಕೆಲಸವೇ ಇಲ್ಲ. ಹಾಗಾದರೆ ಚರ್ಮದ ದೋಷ ಎದೆಗೆ ಹೋದುದು ಹೇಗೆ? ಗದ್ದೆಯ ಅಂಚು ಒಡೆದರೆ ಬೇಡದ ನೀರು ಒಳನುಗ್ಗುವಂತೆ, ಬಿರುಕುಬಿಟ್ಟ ಚರ್ಮದ ಮೂಲಕ ಧೂಳು, ಆಹಾರದ ಕಣ ಒಳಹೊಕ್ಕು ದೇಹದ ಕಾವಲನ್ನು ಕೆರಳಿಸುತ್ತವೆ. ಕೆರಳಿದ ಕಾವಲು ಮುಂದೆ ಅದೇ ಧೂಳು ಮೂಗಿಗೋ ಎದೆಗೋ ಬಂದಾಗ ಅಲ್ಲಿಯೂ ಜಗಳಕ್ಕೆ ನಿಲ್ಲುತ್ತದೆ. ಮೊದಲು ಇಸಬು, ಆಮೇಲೆ ಸೀನು, ಆಮೇಲೆ ದಮ್ಮು ಎಂಬ ಸಾಲು ಅನೇಕ ಮಕ್ಕಳಲ್ಲಿ ಕಾಣುವುದಕ್ಕೆ ಇದೊಂದು ಕಾರಣ.

ವಂಶದಲ್ಲಿದೆ ಎಂದ ಮೇಲೆ ಮಾಡುವುದೇನಿದೆ ಎಂದು ಕೈಚೆಲ್ಲಬೇಡಿ. ಭತ್ತದ ಬೆಂಕಿರೋಗವನ್ನು ನೋಡಿರಿ. ರೋಗಕ್ಕೆ ತುತ್ತಾಗುವ ತಳಿಯನ್ನೇ ಬಿತ್ತಿದರೂ ಪ್ರತಿ ವರ್ಷ ಪ್ರತಿ ಗದ್ದೆಯಲ್ಲಿ ಬೆಂಕಿರೋಗ ಬರುವುದಿಲ್ಲ. ತಳಿ ದುರ್ಬಲವಾಗಿರಬೇಕು, ಮೋಡ ಮುಸುಕಿದ ತೇವದ ಹವೆ ಇರಬೇಕು, ಯೂರಿಯಾ ಅತಿಯಾಗಿರಬೇಕು, ಶಿಲೀಂಧ್ರದ ಬೀಜಕಣ ಬಂದು ಕೂರಬೇಕು. ಇವೆಲ್ಲ ಕೂಡಿದಾಗ ಗದ್ದೆ ಸುಟ್ಟಂತಾಗುತ್ತದೆ. ತಳಿಯನ್ನು ಈ ಹಂಗಾಮಿನಲ್ಲಿ ಬದಲಿಸಲಾಗದಿದ್ದರೂ ಯೂರಿಯಾ ನಿಮ್ಮ ಕೈಯಲ್ಲಿದೆ. ಮಗುವಿನ ವಿಷಯವೂ ಹೀಗೆಯೇ.

ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಸಾಕ್ಷ್ಯವಿದೆ. ಬೆಂಗಳೂರಿನ ಮಕ್ಕಳ ತಜ್ಞರಾದ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವನ್ನು ಇಪ್ಪತ್ತು ವರ್ಷ ಇಟ್ಟರು. ಉಬ್ಬಸವಿದ್ದ ಮಕ್ಕಳು 1979ರಲ್ಲಿ ನೂರಕ್ಕೆ 9. 1999ರಲ್ಲಿ ನೂರಕ್ಕೆ 29.5. ಇದು ಆಸ್ಪತ್ರೆಯ ಲೆಕ್ಕ, ಊರಿನ ಎಲ್ಲ ಮಕ್ಕಳ ಲೆಕ್ಕವಲ್ಲ. ಆದರೂ ಯೋಚಿಸಿರಿ. ಇಪ್ಪತ್ತು ವರ್ಷದಲ್ಲಿ ಜನರ ವಂಶ ಬದಲಾಗುವುದಿಲ್ಲ. ಬದಲಾದುದು ಹೊಗೆ, ಧೂಳು, ವಾಹನ, ಮನೆ, ಜೀವನಕ್ರಮ.

ಇನ್ನೊಂದು ಸಾಕ್ಷ್ಯ ದೂರದ್ದಾದರೂ ರೈತರದ್ದೇ. ಅಮೆರಿಕದಲ್ಲಿ ಅಮಿಶ್, ಹಟ್ಟರೈಟ್ ಎಂಬ ಎರಡು ಬೇಸಾಯಗಾರ ಪಂಗಡಗಳಿವೆ. ಇಬ್ಬರ ಪೂರ್ವಜರೂ ಯುರೋಪಿನ ಆಲ್ಪ್ಸ್ ಸೀಮೆಯವರು; ವಂಶಗುಣ ಹತ್ತಿರ ಹತ್ತಿರ. ಅಮಿಶರು ಕುದುರೆ ಕಟ್ಟಿ ಉಳುವವರು. ಅವರ ಮಕ್ಕಳು ದನದ ಕೊಟ್ಟಿಗೆಯ ಪಕ್ಕದಲ್ಲಿಯೇ ಬೆಳೆಯುತ್ತಾರೆ. ಹಟ್ಟರೈಟರದು ಯಂತ್ರದ ಬೇಸಾಯ. ಕೊಟ್ಟಿಗೆ ಮನೆಯಿಂದ ದೂರ. ಅಮಿಶ್ ಮಕ್ಕಳಲ್ಲಿ ಉಬ್ಬಸ ನೂರಕ್ಕೆ 5.2, ಹಟ್ಟರೈಟ್ ಮಕ್ಕಳಲ್ಲಿ 21.3. ಇದರ ಕಾರಣವನ್ನು ಹುಡುಕಿ 2016ರಲ್ಲಿ ಪ್ರಕಟಿಸಿದ ವಿಜ್ಞಾನಿಗಳು, ಅಮಿಶ್ ಮನೆಗಳ ಧೂಳಿನಲ್ಲಿ ದನಕರುಗಳ ಸಹವಾಸದ ಸೂಕ್ಷ್ಮಾಣುಗಳ ಅಂಶ ಹೆಚ್ಚಿರುವುದನ್ನೂ, ಆ ಧೂಳು ಇಲಿಗಳನ್ನು ಉಬ್ಬಸದಂಥ ತೊಂದರೆಯಿಂದ ಕಾಪಾಡಿದುದನ್ನೂ ಕಂಡರು.

ಇದನ್ನು ಓದಿ ಹಟ್ಟಿಯ ಧೂಳೇ ಔಷಧವೆಂದು ತಿಳಿಯಬೇಡಿ. ಆ ರಕ್ಷಣೆ ದೊರೆಯುವುದಾದರೆ ಮಗು ಹುಟ್ಟುವ ಮುಂಚೆ ಮತ್ತು ಮೊದಲ ವರ್ಷಗಳಲ್ಲಿ. ಈಗಾಗಲೇ ದಮ್ಮು ಬಂದಿರುವ ಮಗುವನ್ನು ಹುಲ್ಲುಕುತ್ರಿ ಬಿಚ್ಚುವಾಗ, ಭತ್ತ ತೂರುವಾಗ ಪಕ್ಕದಲ್ಲಿ ನಿಲ್ಲಿಸಬಾರದು. ಹಸಿ ಹಾಲನ್ನು ಕುಡಿಸಲೂಬಾರದು; ಕ್ಷಯ, ಬ್ರುಸೆಲ್ಲಾ ಜ್ವರಗಳು ಅದರಿಂದ ಬರುತ್ತವೆ, ಕಾಯಿಸಿಯೇ ಕೊಡಿ. ಹಟ್ಟಿಯಲ್ಲಿ ಆಡುವ ಆರೋಗ್ಯವಂತ ಕೂಸನ್ನು ಕೊಳೆಯೆಂದು ಹೆದರಿ ಎಳೆದುಕೊಂಡು ಬರಬೇಕಾದುದಿಲ್ಲ, ಅಷ್ಟೇ.

ನಮ್ಮ ಕರಾವಳಿಯಲ್ಲಿ “ಯೂರಿಯಾ” ಯಾವುದು? ಮೊದಲನೆಯದು ಹಾಸಿಗೆ. ತೆಂಗಿನಕಾಯಿಯ ನುಸಿ ನಿಮಗೆ ಗೊತ್ತು. ಅದರ ದೂರದ ನೆಂಟ ಮನೆಧೂಳಿನ ನುಸಿ. ಉದ್ದ ಸುಮಾರು 0.3 ಮಿಲಿಮೀಟರು, ಬರಿಗಣ್ಣಿಗೆ ತೋರುವುದಿಲ್ಲ. ಕಚ್ಚುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹುಡಿಯನ್ನು ತಿಂದು ಬದುಕುತ್ತದೆ. ಅಲರ್ಜಿ ಬರಿಸುವುದು ಅದರ ಹಿಕ್ಕೆ. ಇದನ್ನು 1960ರ ದಶಕದಲ್ಲಿ ಹಾಲೆಂಡಿನ ಲೈಡನ್ ನಗರದವರು ಪತ್ತೆಮಾಡಿದರು. ಈ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ನಮ್ಮ ಸೀಮೆ ಅದಕ್ಕೆ ಸ್ವರ್ಗ. ಹತ್ತಿಯ ಹಾಸಿಗೆ, ಹಳೆಯ ದಿಂಬು, ಅಟ್ಟದಿಂದ ಇಳಿಸಿದ ಕಂಬಳಿ ಇದರ ಮನೆ.

ಮಾಡತಕ್ಕದ್ದು ಇಷ್ಟು. ದಮ್ಮು, ಸೀನು ಇರುವ ಮಗುವನ್ನು ಚಾಪೆಯ ಮೇಲೆ ತೆಳುವಾದ ಬಟ್ಟೆ ಹಾಸಿ ಮಲಗಿಸಿರಿ. ಹಾಸಿಗೆಯೇ ಬೇಕೆಂದರೆ ಅದಕ್ಕೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಹೊಲಿಸಿ, ಮೇಲೆ ಬಟ್ಟೆ ಹಾಸಿರಿ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ನೆನೆಸಿ ಒಗೆಯಿರಿ; ನುಸಿ ಸಾಯಲು 55ರಿಂದ 60 ಡಿಗ್ರಿ ಬಿಸಿ ಬೇಕು. ಬಚ್ಚಲ ಹಂಡೆಯಲ್ಲಿ ಕುದಿಯುವ ನೀರು ಇದಕ್ಕೆ ಸಾಕಾಗುತ್ತದೆ. ಮಳೆಗಾಲದಲ್ಲಿ ಒಂದು ದಿನ ಹೊಳವಾದರೂ ಹಾಸಿಗೆ ಅಂಗಳಕ್ಕೆ ಬರಲಿ. ಗೋಡೆಯಲ್ಲಿ ಕಪ್ಪು ಬೂಷ್ಟು ಕಟ್ಟಿದ್ದರೆ ಒರೆಸುವುದರಿಂದ ಪ್ರಯೋಜನವಿಲ್ಲ; ಹೆಂಚಿನ ಸೋರಿಕೆಯನ್ನು ಮೊದಲು ನಿಲ್ಲಿಸಿ. ಭತ್ತದ ತಿರಿಯ ಪಕ್ಕ, ಹಳೆಯ ಗೋಣಿ ಪೇರಿಸಿದ ಕೋಣೆಯಲ್ಲಿ ಮಗುವನ್ನು ಮಲಗಿಸಬೇಡಿ. ಆದರೆ ಒಂದು ಎಚ್ಚರಿಕೆ: ನುಸಿ ಕಡಿಮೆಯಾಯಿತೆಂದು ಔಷಧ ಬಿಡಬಾರದು. ಬರಿಯ ಹಾಸಿಗೆಯ ಶುದ್ಧಿಯಿಂದ ಉಬ್ಬಸ ಹೋಗುವುದಿಲ್ಲ.

ಎರಡನೆಯದು ಹೊಗೆ. ಅಡಿಗೆಗೆ ಗ್ಯಾಸು ಬಂದರೂ ಬಚ್ಚಲ ಒಲೆಯಲ್ಲಿ ಮಡಲು, ತೆಂಗಿನ ಸಿಪ್ಪೆ ಉರಿಯುವುದು ನಿಂತಿಲ್ಲ. ಸಂಜೆ ಆ ಹೊಗೆ ಮಾಡಿನ ಅಡಿಯಲ್ಲಿ ಹರಡಿ ಮಲಗುವ ಕೋಣೆಗೆ ಬರುತ್ತದೆ. ಒಲೆಗೆ ಹೊಗೆಕೊಳವೆ ಹಾಕಿಸಿ. ಸೊಳ್ಳೆಬತ್ತಿಗೆ ಬದಲು ಸೊಳ್ಳೆಪರದೆ ಕಟ್ಟಿರಿ. ಬೀಡಿ ಕಟ್ಟುವ ಮನೆಗಳಲ್ಲಿ ತಂಬಾಕಿನ ಹುಡಿಯನ್ನು ಮಗು ಮಲಗುವ ಸ್ಥಳದಿಂದ ದೂರವಿಡಿ. ಬೀಡಿ ಸೇದುವ ಗಂಡಸರಿಗೆ ನಾನು ಹೇಳುವುದು: ಜಗಲಿಗೆ ಹೋಗಿ ಸೇದಿದರೆ ಸಾಲದು, ಹೊಗೆ ಅಂಗಿಯಲ್ಲಿ ಒಳಗೆ ಬರುತ್ತದೆ. ಗರ್ಭಿಣಿಯಿರುವ ಮನೆಯಲ್ಲಂತೂ ಬೇಡವೇ ಬೇಡ.

ಆಹಾರದ ವಿಷಯದಲ್ಲಿ ನಮ್ಮ ಜನ ಬೇಡದ ಕಡೆ ಭಯಪಡುತ್ತಾರೆ. ಇಸಬು ಕಂಡ ಕೂಡಲೇ ಮೀನು ನಂಜು, ಮೊಟ್ಟೆ ನಂಜು, ಬದನೆ ನಂಜು ಎಂದು ಒಂದೊಂದೇ ನಿಲ್ಲಿಸಿ ಮಗುವನ್ನು ಸೊರಗಿಸುತ್ತಾರೆ. ಕರ್ನಾಟಕದಲ್ಲಿ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ರಕ್ತ ಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ತೋರಿದವರು ನೂರಕ್ಕೆ 26.5, ನಿಜವಾಗಿ ತಿಂದಾಗ ತೊಂದರೆಯಾಗುವ ಸಂಭವವಿದ್ದವರು 1.2 ಮಾತ್ರ. ಆದುದರಿಂದ ಪರೀಕ್ಷೆಯ ಕಾಗದವೊಂದನ್ನೇ ನಂಬಿ ಪಥ್ಯ ಮಾಡಿಸಬಾರದು. ತಿಂದ ಸ್ವಲ್ಪ ಹೊತ್ತಿನಲ್ಲಿ ಮೈಯೆಲ್ಲ ದಡಿಕೆ ಎದ್ದು, ತುಟಿ ಊದಿ, ವಾಂತಿಯಾಗಿ ಅಥವಾ ಉಸಿರು ಕಟ್ಟಿದರೆ ಅದು ಬೇರೆ ಮಾತು. ಆ ಪದಾರ್ಥವನ್ನು ನಿಲ್ಲಿಸಿ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಸಿಗಡಿ, ಮೀನುಗಳಿಗೆ ಇಂಥ ನಿಜವಾದ ಅಲರ್ಜಿ ಕೆಲವರಿಗುಂಟು. ಆದರೆ ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿದ್ದ ಬಂಗುಡೆ, ಬೂತಾಯಿ ತಿಂದು ಮನೆಮಂದಿಗೆಲ್ಲ ಮುಖ ಕೆಂಪಾಗಿ ತುರಿಕೆ ಎದ್ದರೆ ಅದು ಅಲರ್ಜಿಯಲ್ಲ. ಕೆಡುವ ಮೀನಿನಲ್ಲಿ ಹಿಸ್ಟಮಿನ್ ಎಂಬ ವಿಷ ಹುಟ್ಟಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ತಪ್ಪು ಮೀನಿನದಲ್ಲ, ಮಂಜುಗಡ್ಡೆಯದು.

ಎಳೆಯ ಕೂಸಿಗೆ ಅಲರ್ಜಿಯ ಆಹಾರವನ್ನು ತಡವಾಗಿ ಕೊಡಬೇಕೆಂಬ ಹಳೆಯ ಸಲಹೆಯೂ ಈಗ ತಿರುವುಮುರುವಾಗಿದೆ. ಇಂಗ್ಲೆಂಡಿನಲ್ಲಿ ಇಸಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳಲ್ಲಿ ಅರ್ಧದಷ್ಟಕ್ಕೆ ವರ್ಷ ತುಂಬುವ ಮೊದಲೇ ನೆಲಗಡಲೆ ತಿನ್ನಿಸತೊಡಗಿ, ಉಳಿದವಕ್ಕೆ ಕೊಡದೆ, ಐದು ವರ್ಷಕ್ಕೆ ನೋಡಿದರು. 2015ರಲ್ಲಿ ಫಲಿತಾಂಶ ಬಂತು: ತಿಂದವರಲ್ಲಿ ನೆಲಗಡಲೆಯ ಅಲರ್ಜಿ ನೂರಕ್ಕೆ 3.2, ತಿನ್ನದವರಲ್ಲಿ 17.2. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ. ಅನಂತರ ಮನೆಯ ಅನ್ನ, ಬೇಳೆ, ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಅರೆದ ನೆಲಗಡಲೆ ಇವನ್ನು ಒಂದೊಂದಾಗಿ ರೂಢಿಸಿರಿ. ಇಡೀ ಬೀಜ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇಸಬು ಜೋರಾಗಿರುವ ಕೂಸಿಗೆ ಮಾತ್ರ ವೈದ್ಯರನ್ನು ಕೇಳಿಯೇ ಆರಂಭಿಸಿ.

ಇಸಬಿನ ಮಗುವಿಗೆ ಹಂಡೆಯ ಸುಡುನೀರು ಹೊಯ್ಯಬಾರದು. ಉಗುರುಬೆಚ್ಚಗಿನ ನೀರು ಸಾಕು, ಸಾಬೂನು ಮಿತವಾಗಿರಲಿ. ಮೈ ಪೂರ್ತಿ ಒಣಗುವ ಮೊದಲೇ ಎಣ್ಣೆಯನ್ನೋ ಮುಲಾಮನ್ನೋ ಸವರಬೇಕು. 2014ರಲ್ಲಿ ಪ್ರಕಟವಾದ ಫಿಲಿಪೀನ್ಸ್ ದೇಶದ ಪ್ರಯೋಗದಲ್ಲಿ 117 ಮಕ್ಕಳಿಗೆ ಎಂಟು ವಾರ ಹಚ್ಚಿ ನೋಡಿದಾಗ, ಕಾಯಿಸದೆ ತೆಗೆದ ತೆಂಗಿನೆಣ್ಣೆ ಖನಿಜ ಎಣ್ಣೆಗಿಂತ ಉತ್ತಮ ಫಲ ಕೊಟ್ಟಿತು. ನಮ್ಮ ಹಿತ್ತಿಲಿನ ವಸ್ತುವೆಂದು ನನಗೆ ಇದು ಸಂತೋಷದ ಸುದ್ದಿ. ಆದರೆ ಆರೋಗ್ಯವಂತ ಶಿಶುವಿಗೆ ಮುಲಾಮು ಹಚ್ಚಿ ಇಸಬು ಬಾರದಂತೆ ತಡೆಯಬಹುದೇ ಎಂದು ಇಂಗ್ಲೆಂಡಿನಲ್ಲಿ ನೋಡಿದಾಗ ಆಗಲಿಲ್ಲ. 2020ರಲ್ಲಿ ಹಾಗೆಂದು ಪ್ರಕಟಿಸಿದರು. ಚರ್ಮದ ತೊಂದರೆ ಕಂಡಾಗ ನಾಗನಿಗೆ ಹರಕೆ ಹೊರುವ ಪದ್ಧತಿ ನಮ್ಮಲ್ಲಿದೆ. ನಂಬಿಕೆಯ ವಿಷಯದಲ್ಲಿ ನಾನು ಮಾತಾಡುವುದಿಲ್ಲ. ಹರಕೆ ತೀರುವವರೆಗೆ ಮುಲಾಮು ಕಾಯದಿರಲಿ ಎಂಬುದಷ್ಟೇ ಅರಿಕೆ. ಹೆಸರು, ಅಂಶ ಬರೆಯದ ಪುಡಿಯ ಪೊಟ್ಟಣಗಳನ್ನು ಮಾತ್ರ ಯಾರು ಕೊಟ್ಟರೂ ಕೊಳ್ಳಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು.

ಎದೆಗೆ ಎಳೆದುಕೊಳ್ಳುವ ಇನ್‌ಹೇಲರ್ ಎಂದರೆ ನಮ್ಮವರಿಗೆ ಹೆದರಿಕೆ: ಚಟವಾಗುತ್ತದೆ, ಕೊನೆಯ ಔಷಧವದು ಎಂದು. ಲೆಕ್ಕ ಹಾಕಿ ನೋಡಿರಿ. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ ಔಷಧ. ಇನ್‌ಹೇಲರ್ ಒಂದು ಸಲ ಒತ್ತಿದರೆ ಬರುವುದು 100 ಮೈಕ್ರೊಗ್ರಾಂ, ಅಂದರೆ ನಲವತ್ತರಲ್ಲಿ ಒಂದು ಪಾಲು. ಇಡೀ ಗದ್ದೆಗೆ ಚೆಲ್ಲುವುದಕ್ಕೂ ರೋಗವಿದ್ದ ಬುಡಕ್ಕೆ ಹಾಕುವುದಕ್ಕೂ ಇರುವ ವ್ಯತ್ಯಾಸವೇ ಇದು. ಇನ್‌ಹೇಲರ್‌ಗಳಲ್ಲಿ ಎರಡು ಬಗೆ. ಒಂದು ದಮ್ಮು ಬಂದಾಗ ನಾಳವನ್ನು ತೆರೆಯುವುದು. ಇನ್ನೊಂದು ದಿನವೂ ತೆಗೆದುಕೊಂಡು ಒಳಗಿನ ಉರಿಯೂತವನ್ನು ತಗ್ಗಿಸುವುದು. ಎರಡನೆಯದನ್ನು ಮಗು ಚೆನ್ನಾಗಿದೆಯೆಂದು ತಾವಾಗಿ ನಿಲ್ಲಿಸಿದವರೇ ಆಟಿಯ ಮಳೆಯಲ್ಲಿ ಆಸ್ಪತ್ರೆಗೆ ಓಡುವುದು. ಚಿಕ್ಕ ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆಯ ಮೂಲಕವೇ ಕೊಡಬೇಕು. ಕೊಡುವ ಕ್ರಮವನ್ನು ನರ್ಸಮ್ಮನವರ ಎದುರು ಒಮ್ಮೆ ಮಾಡಿ ತೋರಿಸಿ ಬನ್ನಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬರಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಇಸಬೂ ಇದೆ, ಉಬ್ಬಸವೂ ಇದೆ. ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಕೇಳಿ ತಿಳಿದು ಮಗುವನ್ನು ಕಳಿಸಿರಿ. ಯಾವ ತಿಂಗಳಲ್ಲಿ ದಮ್ಮು, ಯಾವ ಕೆಲಸದ ದಿನ ಸೀನು, ಎರಡು ಮನೆತನಗಳಲ್ಲಿ ಯಾರಿಗೆ ಏನಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತಾಯಿ ಜೊತೆಯಲ್ಲೇ ಹೋದರೆ ಇನ್ನೂ ಒಳ್ಳೆಯದು. ನಡುವೆ ಬೇಕೆಂದರೆ ಕುಂದಾಪುರದ ತಾಲೂಕು ಆಸ್ಪತ್ರೆ, ಬೈಂದೂರು ಮತ್ತು ಬ್ರಹ್ಮಾವರದ ಸಮುದಾಯ ಆರೋಗ್ಯ ಕೇಂದ್ರಗಳಿವೆ.

ಮಗು ಉಸಿರೆಳೆಯುವಾಗ ಪಕ್ಕೆಯ ಎಲುಬುಗಳ ನಡುವೆ ಗುಳಿ ಬೀಳುತ್ತಿದ್ದರೆ, ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಇನ್‌ಹೇಲರ್ ಕೊಟ್ಟರೂ ಬೇಗನೆ ತಗ್ಗದಿದ್ದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೆ ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿಕೊಳ್ಳಿ. ವೈದ್ಯರು ಬರೆದುಕೊಟ್ಟ ಕ್ರಮದಂತೆ ಇನ್‌ಹೇಲರ್ ಕೊಡುತ್ತಿರಿ.